ಆಯಮ್ಮನ ಇಡುಗಂಟು ಯಾರ ಹೊಟ್ಟೆಗೆ?

ನಮ್ಮೂರಿನ ದೇವಾಲಯದ ಮುಂದೆ ಒಂದು ಕಮಾನು ನಿಂತಿದೆ. ಸಿಮೆಂಟಿನದು. ಮೇಲೆ ಶಿಲುಬೆ, ಎರಡೂ ಕಡೆ ಒಂದೊಂದು ಪಾರಿವಾಳ, ರಾತ್ರಿ ಹೊತ್ತು ಕೆಂಪು ನೀಲಿ ದೀಪ. ಕೆಳಗೆ ಕರೀಕಲ್ಲಿನ ಮೇಲೆ ಹೆಸರುಗಳು: ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಸಭಾಪಾಲಕರು, ಕಾರ್ಯದರ್ಶಿ, ಖಜಾಂಚಿ, ಕೊನೆಗೆ ಕಂಟ್ರಾಕ್ಟರು. ಒಟ್ಟು ಹದಿಮೂರು ಹೆಸರು, ನಾನು ಎಣಿಸಿದ್ದೇನೆ. ಯಾರ ದುಡ್ಡಿನಲ್ಲಿ ಆ ಕಮಾನು ಎದ್ದಿತೋ ಆ ಮುದುಕಿಯ ಹೆಸರು ಮಾತ್ರ ಇಲ್ಲ.

ಅವಳನ್ನು ಕೇರಿಯೆಲ್ಲ ಆಯಮ್ಮ ಅಂತಿತ್ತು. ಮಿಷನ್ ಆಸ್ಪತ್ರೆಯಲ್ಲಿ 31 ವರ್ಷ ಆಯಾ ಆಗಿದ್ದವಳು. ವಾರ್ಡು ಗುಡಿಸಿ, ಹೆತ್ತವರ ಬಟ್ಟೆ ಒಗೆದು, ಸತ್ತವರನ್ನು ತೊಳೆದು ಕೈ ಸವೆದಿತ್ತು. ಮಕ್ಕಳಿಲ್ಲ. ಗಂಡ ಬೇಗ ಹೋದ. ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಕೋಣೆಯ ಮನೆ, ಬ್ಯಾಂಕಿನಲ್ಲಿ ಪಿ.ಎಫ್. ದುಡ್ಡು. 2013ರಲ್ಲಿ ಒಂದು ಸಂಜೆ ನನ್ನನ್ನು ಕರೆದು ಹೇಳಿದಳು: 'ಮಗಾ, ನಂದೆಲ್ಲ ಸಭೆಗೆ ಬರ್ದುಬುಡು. ಆದ್ರೆ ದುಡ್ಡು ಕರಗಬಾರ್ದು ಕಣಪ್ಪ. ಕರಿಯೋ ಹಸು ಇದ್ದಂಗಿರ್ಬೇಕು. ನಾವು ಹಸು ತಿನ್ನೋ ಜನವೇ, ಆದ್ರೂ ಕರಿಯೋ ಹಸ ಯಾರಾದ್ರೂ ಕುಯ್ತಾರಾ? ಹಾಲು ಹೆಣ್ಮಕ್ಕಳ ಓದಿಗೆ ಹೋಗ್ಲಿ.'

ನಮ್ಮಲ್ಲಿ ಸಭೆ ಅಂದರೆ ಚರ್ಚಿನ ಕೂಟ. ಉಯಿಲಿನ ಕರಡು ಬರೆದವನು ನಾನೇ. ಬರವಣಿಗೆ ಬರುತ್ತದೆ ಅನ್ನುವ ಗರ್ವ ಬೇರೆ. ಅವಳು ಹೇಳಿದ ಹಸು, ಹಾಲು ನನ್ನ ಗುಮಾಸ್ತೆ ಕನ್ನಡಕ್ಕೆ ಹಿಡಿಸಲಿಲ್ಲ. 'ಸಭೆಯ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೂ ಸಭೆಯ ಅಭಿವೃದ್ಧಿಗೂ ಉಪಯೋಗಿಸತಕ್ಕದ್ದು' ಅಂತ ಗಂಭೀರವಾಗಿ ಬರೆದೆ. ಇಬ್ಬರು ಸಾಕ್ಷಿ ಹಾಕಿದರು. ಅವಳು ಹೆಬ್ಬೆಟ್ಟು ಒತ್ತಿದಳು. ಸಭೆಯ ಅಭಿವೃದ್ಧಿ! ಆ ಎರಡು ಮಾತಿನ ಸಂದಿಯಲ್ಲೇ ಕಳ್ಳ ನುಗ್ಗಿದ. ಬಾಗಿಲು ತೆಗೆದಿಟ್ಟವನು ನಾನು. ಇದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಆಡುತ್ತೇನೆ.

2016ರಲ್ಲಿ ಆಯಮ್ಮ ತೀರಿಕೊಂಡಳು. ಮನೆ ಮಾರಿದ್ದು, ಬ್ಯಾಂಕಿನದು ಸೇರಿ ಸಭೆಯ ಕೈಗೆ 17 ಲಕ್ಷ ಬಂತು. ಎರಡು ವರ್ಷ ನಾಲ್ಕು ತಿಂಗಳಲ್ಲಿ ಅದು ಸೊನ್ನೆ. ಮಹಾಸಭೆಯಲ್ಲಿ ಓದಿದ ಲೆಕ್ಕ ಇದು: ಕಮಾನಿಗೆ 6 ಲಕ್ಷ 10 ಸಾವಿರ. ನೆಲಕ್ಕೆ ಹೊಳೆಯುವ ಕಲ್ಲು, 4 ಲಕ್ಷ 20 ಸಾವಿರ. ಸೌಂಡ್ ಸೆಟ್ಟು 1 ಲಕ್ಷ 80 ಸಾವಿರ. ಮೇಲಿನವರು ಬಂದಾಗ ಸ್ವಾಗತ, ಊಟ, ಹಾರ, ಶಾಲು, 2 ಲಕ್ಷ 10 ಸಾವಿರ. ವಾಹನ ರಿಪೇರಿ, ಪ್ರಯಾಣ, ಇತರೆ, 2 ಲಕ್ಷ 68 ಸಾವಿರ. (ಈ 'ಇತರೆ' ಅನ್ನುವವನು ಯಾರೋ, ಎಲ್ಲ ಲೆಕ್ಕದಲ್ಲೂ ಅವನೇ ಹೆಚ್ಚು ತಿಂದಿರುತ್ತಾನೆ.) ಉಳಿದದ್ದು 12 ಸಾವಿರ, ಒಬ್ಬ ಹುಡುಗಿಯ ನರ್ಸಿಂಗ್ ಫೀಸಿಗೆ, ಅದೂ ಮೊದಲ ವರ್ಷದ್ದು. ಎರಡನೇ ವರ್ಷ ಅವಳ ಅಪ್ಪ ಬಂದು ಕೈ ಮುಗಿದು ನಿಂತಾಗ 'ಫಂಡಿಲ್ಲಪ್ಪ' ಅಂದರು. ಆ ಹುಡುಗಿ ಈಗ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಾಳೆ.

ಊರಿನ ಹೆಸರು, ಸಭೆಯ ಹೆಸರು ನಾನು ಬರೆಯುವುದಿಲ್ಲ. ಬರೆದರೆ 'ಓ, ಆ ಸಭೆಯ ಜಗಳವಾ' ಅಂತ ಉಳಿದವರು ನೆಮ್ಮದಿಯಾಗಿ ನಿದ್ದೆ ಮಾಡುತ್ತೀರಿ. ನಿಮ್ಮ ಸಭೆಯ, ನಿಮ್ಮ ಸಂಘದ, ನಿಮ್ಮ ಹಾಸ್ಟೆಲಿನ ಕಡತ ಬಿಚ್ಚಿ ನೋಡಿಕೊಳ್ಳಿ.

ಮಹಾಸಭೆಯಲ್ಲಿ ನಾನು ಎದ್ದು ಕೇಳಿದೆ: 'ಅಯ್ಯನವರೇ, ಇಡುಗಂಟಿಗೆ ಕೈ ಹಾಕೋಕೆ ಯಾರು ಠರಾವು ಮಾಡಿದ್ರು?' ಅದಕ್ಕೆ ಕಮಿಟಿಯ ಹಿರಿಯರೊಬ್ಬರು ನಗುತ್ತಾ, 'ತಮ್ಮಾ, ನಾಳಿನ ಚಿಂತೆ ಮಾಡಬೇಡಿ ಅಂತ ಕರ್ತರೇ ಹೇಳಿದಾರಲ್ಲ. ಬ್ಯಾಂಕಿನಲ್ಲಿ ದುಡ್ಡು ಪೇರಿಸಿಡೋದು ಅವಿಶ್ವಾಸ' ಅಂದರು. ಜನ ಆಮೆನ್ ಅಂದರು. ಹೀಗೆ ಹೇಳಿದ ಮಹಾನುಭಾವರಿಗೆ ಸರ್ಕಾರದ ಪೆನ್ಷನ್ ಇದೆ, ಎಲ್ಲೈಸಿ ಪಾಲಿಸಿ ಇದೆ, ಇಬ್ಬರು ಮಕ್ಕಳ ಹೆಸರಿನಲ್ಲಿ ಸೈಟಿದೆ. ಅವರ ನಾಳೆಗೆ ಎಲ್ಲಾ ಏರ್ಪಾಡು. ಆಯಾಳ ದುಡ್ಡಿಗೆ ಮಾತ್ರ ನಾಳೆ ಇರಬಾರದು, ಅದು ಅವಿಶ್ವಾಸ!

ಇವರು ಬೈಬಲನ್ನೂ ಅರ್ಧ ಓದುತ್ತಾರೆ. ಕಾಣಿಕೆ ಎತ್ತುವ ಭಾನುವಾರ ಬಂತೆಂದರೆ ಬಡ ವಿಧವೆಯ ಎರಡು ಕಾಸಿನ ಕಥೆ ತಪ್ಪದೆ ಬರುತ್ತದೆ. ಮಾರ್ಕನ ಸುವಾರ್ತೆಯ ಹನ್ನೆರಡನೆ ಅಧ್ಯಾಯ. ಆ ಕಥೆಗೆ ಸರಿಯಾಗಿ ಮುಂಚೆ ಇರುವ ಮಾತನ್ನು ನಮ್ಮ ಸಭೆಯಲ್ಲಿ ನಾನು ಈ ನಲವತ್ತು ವರ್ಷದಲ್ಲಿ ಒಮ್ಮೆಯೂ ಪ್ರಸಂಗದಲ್ಲಿ ಕೇಳಿಲ್ಲ. ಉದ್ದ ನಿಲುವಂಗಿ ಹಾಕಿಕೊಂಡು, ಸಂತೆಯಲ್ಲಿ ನಮಸ್ಕಾರ ಬಯಸಿ, ಊಟದ ಪಂಕ್ತಿಯಲ್ಲಿ ಮೊದಲ ಮಣೆ ಹುಡುಕಿ, ವಿಧವೆಯರ ಮನೆ ನುಂಗಿ, ಮೇಲೆ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಯೇಸು ಬೈಯುವ ಮಾತು ಅದು. ಮೊದಲು ಮನೆ ನುಂಗುವವರ ಮಾತು, ಅದರ ಬೆನ್ನಿಗೇ ಎರಡು ಕಾಸಿನ ವಿಧವೆ. ಬರೆದವನು ಸುಮ್ಮನೆ ಹಾಗೆ ಜೋಡಿಸಿದನೆಂದು ನನಗನ್ನಿಸುವುದಿಲ್ಲ. ಇನ್ನು ಐಗುಪ್ತದ ಯೋಸೇಫ? ಏಳು ವರ್ಷ ಸುಗ್ಗಿ, ಏಳು ವರ್ಷ ಬರ ಬರುತ್ತದೆಂದು ತಿಳಿದು ಬೆಳೆಯ ಐದರಲ್ಲೊಂದು ಪಾಲು ಕಣಜಕ್ಕೆ ತುಂಬಿಸಿದ ಜೀತದ ಹುಡುಗ ಅವನು. ಅದನ್ನು ಅವಿಶ್ವಾಸ ಅಂತ ಯಾವ ಅಯ್ಯನವರೂ ಹೇಳಿದ್ದಿಲ್ಲ.

ಇಲ್ಲೊಂದು ಕಾನೂನಿನ ಕಥೆ ಹೇಳಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ 118ನೇ ಕಲಮು ಅಂತ ಒಂದಿತ್ತು. ಅಣ್ಣನ ಮಗ, ತಂಗಿಯ ಮಗಳು ಅಥವಾ ಅವರಿಗಿಂತ ಹತ್ತಿರದ ನೆಂಟರಿರುವವರು ಧರ್ಮಕ್ಕೆ, ದಾನಕ್ಕೆ ಉಯಿಲು ಬರೆಯಬೇಕಾದರೆ ಸಾಯುವುದಕ್ಕೆ 12 ತಿಂಗಳು ಮುಂಚೆಯೇ ಬರೆದಿರಬೇಕು, ಬರೆದ ಆರು ತಿಂಗಳೊಳಗೆ ಸರ್ಕಾರದ ವಶದಲ್ಲಿ ಇಟ್ಟಿರಬೇಕು. ಇಲ್ಲದಿದ್ದರೆ ಆ ದಾನ ಅಸಿಂಧು. ಸಾಯುವವನ ಮಂಚದ ಪಕ್ಕ ಪಾದ್ರಿ ಕೂತು ಆಸ್ತಿ ಬರೆಸಿಕೊಂಡುಬಿಡುತ್ತಾನೆ ಅನ್ನುವ ಇಂಗ್ಲೆಂಡಿನ ಹಳೆಯ ಭಯ ಇಲ್ಲಿಗೆ ಹಡಗು ಹತ್ತಿ ಬಂದದ್ದು. ಹಿಂದೂಗಳಿಗೆ, ಮುಸ್ಲಿಮರಿಗೆ ಈ ಕಟ್ಟು ಇರಲಿಲ್ಲ. ಕ್ರೈಸ್ತರ ಕುತ್ತಿಗೆಗೆ ಮಾತ್ರ ಇತ್ತು. ಕೇರಳದ ಪಾದ್ರಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2003ರ ಜುಲೈನಲ್ಲಿ ಜಾನ್ ವಲ್ಲಮಟ್ಟಂ ಮೊಕದ್ದಮೆಯಲ್ಲಿ ಕೋರ್ಟು ಈ ಕಲಮು ಸಮಾನತೆಗೆ ವಿರುದ್ಧ ಅಂತ ಹೊಡೆದುಹಾಕಿತು. ಸರಿಯಾಗೇ ಮಾಡಿತು. ನಾವು ಬೇಕಾದ ಹಾಗೆ ಕೊಡುವ ಹಕ್ಕು ನಮಗೆ ಬಂತು. ಆದರೆ ಬ್ರಿಟಿಷರ ಆ ಅನುಮಾನಕ್ಕೆ, ಅದೆಷ್ಟೇ ಅವಮಾನದ್ದಾಗಿರಲಿ, ಕಾರಣವೇ ಇರಲಿಲ್ಲ ಅಂತ ಎದೆ ಮುಟ್ಟಿ ಹೇಳಬಲ್ಲಿರಾ? ಹೊರಗಿನ ಕಾವಲು ಹೋಯಿತು. ಒಳಗಿನ ಕಾವಲು ಎಲ್ಲಿದೆ?

ಇದು ಈಗ ಯಾಕೆ ಮುಖ್ಯ ಅಂದರೆ, ಹೊರದೇಶದ ಕೊಳಾಯಿ ಸಣ್ಣದಾಗಿದೆ. 2020ರ ವಿದೇಶೀ ದೇಣಿಗೆ ಕಾನೂನಿನ ತಿದ್ದುಪಡಿ ಬಂದಮೇಲೆ ಹೊರಗಿನ ದುಡ್ಡು ದೆಹಲಿಯ ಒಂದೇ ಸ್ಟೇಟ್ ಬ್ಯಾಂಕ್ ಶಾಖೆಯ ಮೂಲಕ ಬರಬೇಕು. ಒಂದು ಸಂಸ್ಥೆ ಇನ್ನೊಂದು ಸಣ್ಣ ಸಂಸ್ಥೆಗೆ ಅದನ್ನು ದಾಟಿಸುವ ಹಾಗಿಲ್ಲ. ಆಡಳಿತದ ಖರ್ಚಿನ ಮಿತಿ ನೂರಕ್ಕೆ 50 ಇದ್ದದ್ದು 20ಕ್ಕೆ ಇಳಿಯಿತು. ಹಳ್ಳಿಯ ಸಣ್ಣ ಹಾಸ್ಟೆಲುಗಳಿಗೆ ಇದು ದೊಡ್ಡ ಹೊಡೆತ. ಅತ್ತ ನಮ್ಮ ಮಕ್ಕಳ ಗತಿ ನೋಡಿ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಅಂತ ಶುರುವಾಯಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತನಾದ ಹೊಲೆಯ, ಮಾದಿಗನಿಗೆ ಊರಲ್ಲಿ ಕೇರಿ ಬಿಡಲಿಲ್ಲ, ಪಟ್ಟಿ ಮಾತ್ರ ಬಿಟ್ಟಿತು. ಹೋಟೆಲಿನ ಲೋಟ ಇವನು ಯಾವ ದೇವರಿಗೆ ಕೈ ಮುಗಿದ ಅಂತ ಕೇಳಲಿಲ್ಲ. ಪರಿಶಿಷ್ಟರ ಪಟ್ಟಿಯಲ್ಲಿಲ್ಲದ ಈ ಮಕ್ಕಳಿಗೆ ಆಯಮ್ಮನಂಥವರ ಇಡುಗಂಟು ಬಿಟ್ಟರೆ ಬೇರೆ ಏನಿದೆ? ಅದನ್ನೇ ಕಮಾನು ಮಾಡಿ ನಿಲ್ಲಿಸಿದಿರಿ.

ಮೇಲುಜಾತಿಯವರಿಂದ ಕಲಿಯುವುದೇನೂ ಇಲ್ಲ ಅಂತ ನಾವು ಭಾಷಣ ಮಾಡುತ್ತೇವೆ. ಒಂದಿದೆ. ಹಳೆಯ ದತ್ತಿ ಶಾಸನಗಳನ್ನು ನೋಡಿ. ಅಗ್ರಹಾರಕ್ಕೆ, ದೇವಸ್ಥಾನಕ್ಕೆ ಭೂಮಿ ಕೊಟ್ಟಾಗ ಎಷ್ಟು ಮತ್ತರು, ಯಾವ ದಿಕ್ಕಿಗೆ ಯಾವ ಕಲ್ಲು, ಯಾವ ಹುಣಸೆಮರ, ಅದರ ಹುಟ್ಟುವಳಿಯಲ್ಲಿ ದೀಪಕ್ಕೆಷ್ಟು, ನೈವೇದ್ಯಕ್ಕೆಷ್ಟು, ಎಲ್ಲ ಕಲ್ಲಿನಲ್ಲಿ ಕೊರೆಸಿದರು. ಕೊನೆಗೆ ಶಾಪ: ಈ ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ, ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಅವನಿಗೆ ಬರಲಿ. ಆ ಭೂಮಿಯಲ್ಲಿ ಬೆವರು ಸುರಿಸಿದವರು ನಮ್ಮ ತಾತ ಮುತ್ತಾತಂದಿರು, ಉಂಡವರು ಬೇರೆ, ಆ ಲೆಕ್ಕ ಬೇರೆ ಇದೆ. ಆದರೆ ತಮ್ಮ ಗಂಟು ತಲೆಮಾರು ದಾಟಬೇಕು ಅನ್ನುವ ಎಚ್ಚರ ಅವರಿಗಿತ್ತು. ಮೂಲ ಮುಟ್ಟಬೇಡ, ಹುಟ್ಟುವಳಿ ಉಣ್ಣು. ಆಯಮ್ಮ ಹೇಳಿದ್ದೂ ಅದೇ, ಶಾಪ ಒಂದು ಬಿಟ್ಟು. ಅವರ ದತ್ತಿ ಎಷ್ಟೋ ತಲೆಮಾರು ಉಳಿಯಿತು. ನಮ್ಮದು ಸಾವಿರ ದಿನ ಉಳಿಯಲಿಲ್ಲ.

ಮಿಷನ್ನಿನವರ ಕಥೆಯಲ್ಲೂ ಪಾಠವಿದೆ. ಜಾತಿ ಬಿಟ್ಟು ಬಂದವರಿಗೆ ಊರು ಕೆಲಸ ಕೊಡುವುದಿಲ್ಲ ಅಂತ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು, ನೇಯ್ಗೆ ಕಾರ್ಖಾನೆ ನಡೆಸಿದರು. ಭಿಕ್ಷೆ ಹಂಚಲಿಲ್ಲ, ಹಂಚು ಸುಟ್ಟರು. ದುಡಿಯುವ ಆಸ್ತಿ ಅಂದರೆ ಇದು. ಮೊದಲ ಮಹಾಯುದ್ಧ ಬಂದಾಗ ಜರ್ಮನರ ನಂಟು ಅಂತ ಬ್ರಿಟಿಷ್ ಸರ್ಕಾರ ಅದನ್ನೆಲ್ಲ ಕೈವಶ ಮಾಡಿಕೊಂಡು ಬೇರೆ ಕಂಪನಿಗೆ ಕೊಟ್ಟಿತು. ಹಂಚು ಸುಟ್ಟವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕಾಗದದಲ್ಲಿ ಅವನ ಹೆಸರೇ ಇರಲಿಲ್ಲವಲ್ಲ! ಇವತ್ತಿಗೂ ಎಷ್ಟೋ ಸಭೆಗಳ ಆಸ್ತಿ ದೂರದ ಟ್ರಸ್ಟ್ ಅಸೋಸಿಯೇಷನ್ನಿನ ಹೆಸರಿನಲ್ಲಿದೆ. ಊರಿನ ಸಭೆ ಗುಡಿಸುತ್ತದೆ, ಸಾರಿಸುತ್ತದೆ. ಸಹಿ ಮಾಡುವವರು ಬೇರೆ ಊರಿನಲ್ಲಿರುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಬಂಡಾಯದವರಿಗೆ ಲೆಕ್ಕ ಅಂದರೆ ಅಲರ್ಜಿ, ಆದರೂ ಕೇಳಿ. ಆಯಮ್ಮನ 17 ಲಕ್ಷ ನೂರಕ್ಕೆ ಏಳರ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ 1 ಲಕ್ಷ 19 ಸಾವಿರ. ಅಷ್ಟನ್ನೂ ಪ್ರತಿವರ್ಷ ಖರ್ಚು ಮಾಡಿದರೆ? ಬೆಲೆ ವರ್ಷಕ್ಕೆ ನೂರಕ್ಕೆ ಐದು ಏರಿದರೂ ಹದಿನಾಲ್ಕು ವರ್ಷಕ್ಕೆ ಆ ದುಡ್ಡಿನ ಕಸುವು ಅರ್ಧವಾಗುತ್ತದೆ. ಇಬ್ಬರು ಹುಡುಗಿಯರ ಫೀಸು ಒಬ್ಬಳದಾಗುತ್ತದೆ. ಅದಕ್ಕೇ ಏಳರಲ್ಲಿ ನಾಲ್ಕು ತೆಗೆದು ಮೂರನ್ನು ಇಡುಗಂಟಿಗೇ ಮರಳಿ ಹಾಕಬೇಕು. ಮೊದಲ ವರ್ಷ 68 ಸಾವಿರ ಖರ್ಚಿಗೆ, 51 ಸಾವಿರ ವಾಪಸ್ಸು. ಹೀಗೆ ಮಾಡಿದರೆ 20 ವರ್ಷದಲ್ಲಿ ಇಡುಗಂಟು 30 ಲಕ್ಷ ದಾಟುತ್ತದೆ, ವರ್ಷದ ಫೀಸಿನ ದುಡ್ಡು 1 ಲಕ್ಷ 20 ಸಾವಿರ ದಾಟುತ್ತದೆ. ಬಡ್ಡಿ ಏರಿ ಇಳಿಯುತ್ತದೆ, ನಿಜ. ಇಳಿದ ವರ್ಷ ಖರ್ಚನ್ನೂ ಇಳಿಸಬೇಕು. ಬರಗಾಲದಲ್ಲಿ ಬಿತ್ತನೆ ರಾಗಿ ಮುಟ್ಟದ ನಮ್ಮವ್ವಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

'ತೆರಿಗೆಯವರು ಕೂಡಿಡೋಕೆ ಬಿಡಲ್ಲ' ಅಂತ ಖಜಾಂಚಿ ಹೆದರಿಸುತ್ತಾನೆ. ನೋಂದಾಯಿತ ಧರ್ಮಸಂಸ್ಥೆ ವರ್ಷದ ವರಮಾನದಲ್ಲಿ ನೂರಕ್ಕೆ 85 ಖರ್ಚು ಮಾಡಬೇಕು ಅನ್ನುವುದು ನಿಜ. ಮಿಕ್ಕ 15 ಇಟ್ಟುಕೊಳ್ಳಬಹುದು ಅನ್ನುವುದೂ ನಿಜ. ಭಾನುವಾರದ ಕಾಣಿಕೆ, ಸುಗ್ಗಿ ಹಬ್ಬದ ಹರಾಜು, ಮಳಿಗೆ ಬಾಡಿಗೆ ಎಲ್ಲ ಸೇರಿಸಿ ನೋಡಿದರೆ ನಮ್ಮಂಥ ಸಭೆಯಲ್ಲಿ ಆ 51 ಸಾವಿರ ಹದಿನೈದರೊಳಗೇ ಕೂರುತ್ತದೆ. ಇನ್ನು ಕೊಟ್ಟವರು ಇದು ಇಡುಗಂಟು ಅಂತ ಬರಹದಲ್ಲಿ ಸ್ಪಷ್ಟವಾಗಿ ಹೇಳಿ, ಅದನ್ನು ಕಾನೂನು ಹೇಳಿದ ಕಡೆಯೇ ತೊಡಗಿಸಿದರೆ ಆ ಮೊತ್ತ ವರಮಾನದ ಲೆಕ್ಕಕ್ಕೇ ಬರುವುದಿಲ್ಲ. ಬರಹದಲ್ಲಿ! ನಾನು ಬರೆಯದೆ ಬಿಟ್ಟದ್ದು ಇದನ್ನೇ. ಮತ್ತೆ, ಎಲ್ಲ ಗಂಟನ್ನೂ ಒಂದೇ ಬ್ಯಾಂಕಿನಲ್ಲಿ ಇಡಬಾರದು. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ಒಬ್ಬೊಬ್ಬರಿಗೆ 35 ಸಾವಿರಕ್ಕಿಂತ ಹೆಚ್ಚು ತೆಗೆಯಲು ಬಿಡಲಿಲ್ಲ. ಅದರ ಮುಂದಿನ ತಿಂಗಳು ಠೇವಣಿ ವಿಮೆಯ ಮಿತಿಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಕಮಿಟಿಯ ಭಾವಮೈದ ಡೈರೆಕ್ಟರಾಗಿರುವ ಸೊಸೈಟಿ ಅರ್ಧ ಪರ್ಸೆಂಟು ಹೆಚ್ಚು ಬಡ್ಡಿ ಕೊಡುತ್ತದೆ ಅಂತ ಓಡುವವರು ಇದನ್ನು ನೆನಪಿಡಲಿ.

ದುಡ್ಡು ಬಂದ ಮೇಲೆ ನಿಯಮ ಮಾಡಲು ಕೂತರೆ ಆಗುವುದಿಲ್ಲ. ಹೆಣ ಮುಂದಿಟ್ಟುಕೊಂಡು ಪಾಲು ಮಾತಾಡಿದ ಹಾಗಾಗುತ್ತದೆ. ಯಾರೂ ಸಾಯದಿರುವಾಗ, ಯಾವ ಗಂಟೂ ಕಣ್ಣೆದುರು ಇಲ್ಲದಿರುವಾಗ ಮಹಾಸಭೆಯಲ್ಲಿ ಠರಾವು ಆಗಬೇಕು: ಉಯಿಲಿನಿಂದ ಬಂದದ್ದು ಬೇರೆ ಖಾತೆ, ಬೇರೆ ಪುಸ್ತಕ. ಉದ್ದೇಶ ಹೇಳಿ ಕೊಟ್ಟದ್ದು ಆ ಉದ್ದೇಶಕ್ಕೇ. ಮೂಲ ಮುಟ್ಟಬೇಕಾದರೆ ಇಡೀ ಸಭೆಯ ಮುಂದೆ, ನಾಲ್ಕರಲ್ಲಿ ಮೂರು ಪಾಲು ಜನ ಕೈ ಎತ್ತಬೇಕು. ಕಮಿಟಿಯವರಿಗೆ, ಅವರ ನೆಂಟರಿಗೆ ಆ ದುಡ್ಡಿನಿಂದ ಸಾಲವೂ ಇಲ್ಲ, ಆ ಆಸ್ತಿಯ ಕ್ರಯವೂ ಇಲ್ಲ. ಮನೆ ಬಂದರೆ ಮಾರುವ ಮುಂಚೆ ಬಾಡಿಗೆ ಎಷ್ಟು, ಕಂದಾಯ ಎಷ್ಟು, ರಿಪೇರಿ ಎಷ್ಟು ಅಂತ ಕೂತು ಬರೆಯಬೇಕು; ಸೋರುವ ಮನೆಯನ್ನು ಸುಮ್ಮನೆ ಕಟ್ಟಿಕೊಂಡು ಕೂರುವುದೂ ದಡ್ಡತನವೇ. ವರ್ಷದ ಲೆಕ್ಕ ದೇವಾಲಯದ ಗೋಡೆಯ ಮೇಲೆ, ದೊಡ್ಡಕ್ಷರದಲ್ಲಿ. ಓದು ಬಾರದವರಿಗೆ ಓದಿ ಹೇಳಬೇಕು. ಕಮಿಟಿಯಲ್ಲಿ ಆಯಾಗಳು, ಪೌರಕಾರ್ಮಿಕರು ಕೂರಬೇಕು. ಲೆಕ್ಕ ಓದಿದ ಬಿ.ಕಾಂ. ಹುಡುಗನಿಗಿಂತ ಹತ್ತು ರೂಪಾಯಿಯಲ್ಲಿ ವಾರ ತಳ್ಳಿದವಳಿಗೆ ದುಡ್ಡಿನ ಬೆಲೆ ಚೆನ್ನಾಗಿ ಗೊತ್ತು.

ಒಬ್ಬ ಗೆಳೆಯ ಕೇಳಿದ: 'ಇವತ್ತು ಹಸಿದ ಮಗು ಮುಂದೆ ನಿಂತಿದೆ, ನೀನು ನಾಳೆಯ ಬಡ್ಡಿ ಲೆಕ್ಕ ಹಾಕ್ತೀಯಲ್ಲ, ಇದು ಮಾರವಾಡಿ ಬುದ್ಧಿ ಅಲ್ವೇನೋ?' ಈ ಪ್ರಶ್ನೆಯಲ್ಲಿ ಸತ್ಯವಿದೆ. ಕೋಟಿಗಟ್ಟಲೆ ಠೇವಣಿ ಇಟ್ಟುಕೊಂಡು ಬಡವನ ಮಗುವಿಗೆ ಡೊನೇಷನ್ ಕೇಳುವ ಸಂಸ್ಥೆಗಳು ಎಲ್ಲ ಧರ್ಮದಲ್ಲೂ ಇವೆ. ಅವುಗಳ ಪರ ನಾನು ವಾದಿಸುತ್ತಿಲ್ಲ. ಊರಿಗೆ ಕಾಲರಾ ಬಂದರೆ ಇಡುಗಂಟು ಒಡೆಯಲಿ, ನಾನೇ ಮೊದಲು ಕೈ ಎತ್ತುತ್ತೇನೆ. ಆದರೆ ನಮ್ಮಲ್ಲಿ ಗಂಟು ಒಡೆದದ್ದು ಹಸಿದ ಮಗುವಿಗಲ್ಲ, ಕಮಾನಿಗೆ. ಇವತ್ತಿನ ಹಸಿವಿಗೆ ಇವತ್ತು ಬದುಕಿರುವವರ ಜೇಬು ಇದೆ. ಕಾರಿನಲ್ಲಿ ದೇವಾಲಯಕ್ಕೆ ಬಂದು ತಟ್ಟೆಗೆ ಇಪ್ಪತ್ತು ರೂಪಾಯಿ ಹಾಕುವವರು, ಸತ್ತ ಆಯಾಳ ದುಡ್ಡಿನಲ್ಲಿ ಪುಣ್ಯ ಮಾಡಲು ಯಾಕೆ ಹೊರಡುತ್ತೀರಿ?

ಇಷ್ಟು ಹೊತ್ತು ಚರ್ಚಿಗೆ ಬೈದೆ ಅಂತ ನಮ್ಮ ಸಂಘಟನೆಯ ಗೆಳೆಯರು ಖುಷಿಪಡುತ್ತಿರಬಹುದು. ನಿಮ್ಮ ಸರದಿ. ನಮ್ಮ ತಾಲ್ಲೂಕಿನಲ್ಲೇ ಒಬ್ಬ ನಿವೃತ್ತ ಮೇಷ್ಟರು ತಮ್ಮ ಮನೆ, ಪುಸ್ತಕ ಎಲ್ಲ ಒಂದು ದಲಿತ ಸಂಘಕ್ಕೆ ಬರೆದಿಟ್ಟು ಹೋದರು, ಗ್ರಂಥಾಲಯ ಆಗಲಿ ಅಂತ. ಸಂಘ ಎರಡು ಬಣವಾಯಿತು. ಬೀಗದ ಮೇಲೆ ಬೀಗ ಬಿತ್ತು. ಪುಸ್ತಕಕ್ಕೆ ಗೆದ್ದಲು. 'ನಾವು ಹೋರಾಟಗಾರರು, ಗುಮಾಸ್ತರಲ್ಲ' ಅಂತ ಎರಡೂ ಬಣದ ನಾಯಕರು ನನಗೆ ಹೇಳಿದರು, ಒಂದೇ ಮಾತಿನಲ್ಲಿ. ಅಷ್ಟರಲ್ಲಾದರೂ ಒಗ್ಗಟ್ಟು! ಇಬ್ಬರ ಗೋಡೆಯ ಮೇಲೂ ಬಾಬಾಸಾಹೇಬರ ಪಟ. ರೂಪಾಯಿಯ ಸಮಸ್ಯೆಯ ಮೇಲೆ ಗ್ರಂಥ ಬರೆದು 1923ರಲ್ಲೇ ಅಚ್ಚು ಹಾಕಿಸಿದವರು ಅವರು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ ಮರುವರ್ಷವೇ ಬೊಂಬಾಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದವರು. ಅಂಥವರ ಪಟದ ಕೆಳಗೆ ಕೂತು ರಸೀದಿ ಪುಸ್ತಕ ಇಡುವುದಕ್ಕೆ ಆಗುವುದಿಲ್ಲ ಅನ್ನುತ್ತೀರಲ್ಲ, ನಾಚಿಕೆಯಾಗಬೇಕು.

ಆಯಮ್ಮನ ದುಡ್ಡಿನ ವಿಚಾರ ಮುಗಿದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 92ನೇ ಕಲಮು ಇದೆ. ಸಾರ್ವಜನಿಕ ಧರ್ಮಕ್ಕೆ ಬಿಟ್ಟ ದತ್ತಿಯಲ್ಲಿ ನಂಬಿಕೆದ್ರೋಹವಾದರೆ, ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರು, ಬರೀ ಇಬ್ಬರು, ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. ಲೆಕ್ಕ ಕೇಳಬಹುದು, ಧರ್ಮದರ್ಶಿಯನ್ನು ಇಳಿಸಿ ಅಂತ ಕೇಳಬಹುದು. ವಕೀಲರು ಕಾಗದ ನೋಡಿ, 'ಕೇಸಿದೆ, ಇನ್ನೊಬ್ಬರನ್ನ ಕರ್ಕೊಂಡ್ ಬನ್ನಿ' ಅಂದಿದ್ದಾರೆ. ಒಂದು ಸಹಿ ನನ್ನದು.

ಹತ್ತೊಂಬತ್ತು ಮನೆಗೆ ಹೋಗಿದ್ದೇನೆ. 'ಸರಿಯಾಗೇ ಹೇಳ್ತಿದೀಯ ಕಣಣ್ಣ, ಆದ್ರೆ ಮಗಳ ಮದ್ವೆ ಬರೋ ಮೇ ತಿಂಗಳು, ಕಾಗದ ಕೊಡ್ಬೇಕಾದೋರು ಅವರೇ ಅಲ್ವಾ' ಅಂದರು ಒಬ್ಬರು. 'ಸ್ಮಶಾನದಲ್ಲಿ ನಮ್ಮಪ್ಪನ ಪಕ್ಕ ಜಾಗ ಬೇಕು, ಕಮಿಟಿ ಎದುರು ಹಾಕ್ಕೊಂಡ್ರೆ ಗುಂಡಿ ತೋಡೋಕೂ ಬಿಡಲ್ಲ' ಅಂದರು ಇನ್ನೊಬ್ಬರು. ಗಾರ್ಮೆಂಟ್ಸಿನ ಹುಡುಗಿಯ ಮನೆಗೂ ಹೋಗಿದ್ದೆ. ಅವಳು ಕಾಗದ ಇಸಕೊಂಡು ಎರಡು ಸಲ ಓದಿದಳು. ಅವಳಪ್ಪ ಒಳಗಿನಿಂದ ಬಂದು, 'ಬ್ಯಾಡ ಬಿಡವ್ವ' ಅಂದರು. ಕಾಗದ ಇನ್ನೂ ಅವಳ ಹತ್ತಿರವೇ ಇದೆ. ಎರಡನೇ ಸಹಿ ಇನ್ನೂ ಬಿದ್ದಿಲ್ಲ.